ಮನೆಯ ವಿದ್ಯುಚ್ಛಕ್ತಿಯ ದರವೂ ಮಾರುವವರ ಆಯ್ಕೆಯೂ

ನಮ್ಮ ನಾಡಿನಲ್ಲಿ ಹೊಸ ಮನೆಗೆ ದೀಪ ಹಾಕಿಸಿಕೊಳ್ಳುವವರನ್ನು, "ನಿಮಗೆ ಯಾವ ಕಂಪೆನಿಯ ವಿದ್ಯುಚ್ಛಕ್ತಿ ಬೇಕು?" ಎಂದು ಕೇಳುವ ವಾಡಿಕೆಯಿಲ್ಲ. ಬೆಂಗಳೂರಿನವರಿಗೆ ಬೆಸ್ಕಾಂ, ಮಂಗಳೂರಿನವರಿಗೆ ಮೆಸ್ಕಾಂ, ಹುಬ್ಬಳ್ಳಿಯವರಿಗೆ ಹೆಸ್ಕಾಂ, ಕಲಬುರಗಿಯವರಿಗೆ ಜೆಸ್ಕಾಂ, ಮೈಸೂರಿನವರಿಗೆ ಚಾಮುಂಡೇಶ್ವರಿ ಕಂಪೆನಿ, ಹೀಗೆ ವಾಸದ ಊರೇ ಮಾರುವವರನ್ನು ಗೊತ್ತುಮಾಡುವದು. ದರವನ್ನಾದರೋ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಜನರ ಆಕ್ಷೇಪಣೆಗಳನ್ನು ಕೇಳಿ ನಿಶ್ಚಯಿಸುವದು. ಗೃಹಿಣಿಗೆ ಉಳಿದಿರುವ ಕೆಲಸವೆಂದರೆ ಬಿಲ್ಲು ಬಂದಾಗ ಹಣ ಕಟ್ಟುವದು, ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪವನ್ನು ಆರಿಸುವದು, ಇಷ್ಟೇ. ೨೦೨೩ರಲ್ಲಿ ಗೃಹಜ್ಯೋತಿ ಯೋಜನೆಯು ಬಂದಮೇಲೆ, ೨೦೦ ಯೂನಿಟ್ಟಿನೊಳಗೆ ಖರ್ಚುಮಾಡುವ ಅನೇಕ ಮನೆಗಳಲ್ಲಿ ಹಣ ಕಟ್ಟುವ ಕೆಲಸವೂ ತಪ್ಪಿತು.

ಅಮೇರಿಕಾದ ಟೆಕ್ಸಾಸ್ ಸಂಸ್ಥಾನದಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಸ್ಥಿತಿಯು ಹೀಗಲ್ಲ. ಡಾಲಸ್, ಹ್ಯೂಸ್ಟನ್ ಎಂಬ ದೊಡ್ಡ ಪಟ್ಟಣಗಳಲ್ಲಿ ಕನ್ನಡಿಗರ ಮನೆಗಳು ಬಹಳವಾಗಿವೆ. ಅಲ್ಲಿ ಬಾಡಿಗೆಯ ಮನೆಯ ಬೀಗದಕೈ ಕೈಗೆ ಬರುವ ಮುಂಚೆಯೇ ಹತ್ತಾರು ಕಂಪೆನಿಗಳೊಳಗೆ ಒಂದನ್ನು ಆರಿಸಿ, ಅದರೊಡನೆ ಕರಾರು ಮಾಡಿಕೊಂಡ ಹೊರತು ಮನೆಯಲ್ಲಿ ದೀಪ ಹತ್ತದು. ಆರಿಸುವದಕ್ಕೆ ಸ್ವಾತಂತ್ರ್ಯವುಂಟು, ಆದರೆ ಆರಿಸದೆ ಇರುವ ಸ್ವಾತಂತ್ರ್ಯವಿಲ್ಲ. ಆ ಕರಾರುಗಳ ಪಟ್ಟಿಯಲ್ಲಿ ಎಲ್ಲಕ್ಕೂ ಅಗ್ಗವೆಂದು ಮೇಲೆ ನಿಲ್ಲುವ ಕರಾರು ಅನೇಕ ಸಂಸಾರಗಳಿಗೆ ತುಟ್ಟಿಯಾದದ್ದಾಗಿರುವದುಂಟು. ಇದು ಹೇಗೆಂಬುದನ್ನು ತಿಳಿಯುವದಕ್ಕೆ ನಾವು ಶಾಲೆಯಲ್ಲಿ ಕಲಿತ ಕೂಡುವ, ಕಳೆಯುವ, ಗುಣಿಸುವ ಲೆಕ್ಕವೇ ಸಾಕು. ಆ ಸಹೋದರಿಯರ ಉಪಯೋಗಕ್ಕಾಗಿಯೂ, ಮಕ್ಕಳ ಮನೆಗೆ ಆರು ತಿಂಗಳಿಗೆಂದು ಹೋಗಿ ಅಲ್ಲಿಯ ಬಿಲ್ಲನ್ನು ನೋಡಿ ಬೆರಗಾಗುವ ತಂದೆತಾಯಿಗಳ ತಿಳುವಳಿಕೆಗಾಗಿಯೂ ಈ ಪಾಠವನ್ನು ಬರೆದಿದೆ.

ಮೊದಲು ಈ ಏರ್ಪಾಟು ಹೇಗೆ ಹುಟ್ಟಿತೆಂಬುದನ್ನು ನೋಡೋಣ. ವಿದ್ಯುಚ್ಛಕ್ತಿಯ ವ್ಯಾಪಾರದಲ್ಲಿ ಮೂರು ಕೆಲಸಗಳಿವೆ: ಶಕ್ತಿಯನ್ನು ಉತ್ಪಾದಿಸುವದು, ಕಂಬ ತಂತಿಗಳ ಮೂಲಕ ಅದನ್ನು ಮನೆಮನೆಗೂ ಮುಟ್ಟಿಸುವದು, ಹಾಗೂ ಮಾರಿ ಹಣ ವಸೂಲು ಮಾಡುವದು. ೧೯೦೨ರಲ್ಲಿ ಶಿವನಸಮುದ್ರದ ಶಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ಈ ಮೂರೂ ಮೈಸೂರು ಸರಕಾರದ ಕೈಯಲ್ಲಿದ್ದವು. ಟೆಕ್ಸಾಸಿನಲ್ಲಿ ಇವು ಬಹುಮಟ್ಟಿಗೆ ಖಾಸಗಿ ಕಂಪೆನಿಗಳ ಕೈಯಲ್ಲಿದ್ದರೂ, ಒಂದೊಂದು ಸೀಮೆಗೆ ಒಂದೊಂದೇ ಕಂಪೆನಿ ಇದ್ದು, ಅದರ ದರವನ್ನು ಸರಕಾರವೇ ನಿಯಮಿಸುತ್ತಿತ್ತು. ೧೯೯೯ರಲ್ಲಿ ಅಲ್ಲಿಯ ಶಾಸನಸಭೆಯು ಒಂದು ಕಾನೂನು ಮಾಡಿ ಮೂರು ಕೆಲಸಗಳನ್ನು ಬಿಡಿಸಿತು. ಅದರಂತೆ ೨೦೦೨ನೆಯ ಇಸವಿ ಜನವರಿ ೧ರಿಂದ ಉತ್ಪಾದನೆಯೂ ಮಾರಾಟವೂ ಪೈಪೋಟಿಗೆ ತೆರೆಯಲ್ಪಟ್ಟವು. ಕಂಬ ತಂತಿಗಳು ಮಾತ್ರ ಹಿಂದಿನಂತೆ ಒಂದು ಸೀಮೆಗೆ ಒಂದೇ ಕಂಪೆನಿಯ ವಶದಲ್ಲಿ ಉಳಿದವು. ಯಾಕಂದರೆ ಒಂದೇ ಬೀದಿಯಲ್ಲಿ ಹತ್ತು ಕಂಪೆನಿಗಳು ಹತ್ತು ಸಾಲು ಕಂಬಗಳನ್ನು ನೆಡುವದು ಹುಚ್ಚುತನ. ಡಾಲಸಿನ ಸುತ್ತಿನ ತಂತಿಗಳು ಆಂಕರ್ ಎಂಬ ಕಂಪೆನಿಯವು, ಹ್ಯೂಸ್ಟನ್ನಿನವು ಸೆಂಟರ್‌ಪಾಯಿಂಟ್ ಎಂಬ ಕಂಪೆನಿಯವು. ಇವರ ಶುಲ್ಕವನ್ನು ಈಗಲೂ ಸಂಸ್ಥಾನದ ಆಯೋಗವೇ ಗೊತ್ತುಮಾಡುವದು. ಉತ್ಪಾದನೆಯನ್ನೂ ಖರ್ಚನ್ನೂ ಕ್ಷಣಕ್ಷಣಕ್ಕೆ ತೂಗಿನೋಡುವ ಸಂಸ್ಥೆಗೆ ಎರ್ಕಾಟ್ ಎಂದು ಹೆಸರು. ಸಂಸ್ಥಾನದ ವಿದ್ಯುಚ್ಛಕ್ತಿಯಲ್ಲಿ ನೂರಕ್ಕೆ ಸುಮಾರು ೯೦ ಪಾಲು ಅದರ ಆಡಳಿತಕ್ಕೆ ಒಳಪಟ್ಟಿದೆ.

ಟೆಕ್ಸಾಸಿನಲ್ಲಿ ಎಲ್ಲರಿಗೂ ಈ ಆಯ್ಕೆ ಉಂಟೆಂದು ತಿಳಿಯಬಾರದು. ಆಸ್ಟಿನ್, ಸಾನ್ ಆಂಟೋನಿಯೋ ಪಟ್ಟಣಗಳಲ್ಲಿ ಪುರಸಭೆಗೆ ಸೇರಿದ ಸಂಸ್ಥೆಗಳೇ ವಿದ್ಯುಚ್ಛಕ್ತಿಯನ್ನು ಒದಗಿಸುತ್ತವೆ. ಹಳ್ಳಿಗಾಡಿನ ಅನೇಕ ಸಹಕಾರ ಸಂಘಗಳೂ ಪೈಪೋಟಿಗೆ ಸೇರಲಿಲ್ಲ. ಲಬಕ್ ಎಂಬ ಪಟ್ಟಣವು ೨೦೨೪ರಲ್ಲಿ ಸೇರಿತು. ಆದದರಿಂದ ಮನೆ ಬದಲಿಸುವವರು ಆ ವಿಳಾಸದಲ್ಲಿ ಆಯ್ಕೆಯುಂಟೋ ಇಲ್ಲವೋ ಎಂಬುದನ್ನು ಮೊದಲು ವಿಚಾರಿಸಬೇಕು.

ಇಲ್ಲಿ ಒಂದು ಸಂದೇಹವು ಏಳುವದು ಸಹಜ. ಅಗ್ಗದ ಕಂಪೆನಿಯಿಂದ ಕೊಂಡರೆ ದೀಪವು ಮಂಕಾಗಿ ಉರಿಯುವದೋ? ಬಿರುಗಾಳಿ ಬಂದಾಗ ನಮ್ಮ ಮನೆಯ ದೀಪವೇ ಮೊದಲು ಆರುವದೋ? ಹಾಗೇನೂ ಇಲ್ಲ. ಊರಿನ ಹಾಲಿನ ಸಂಘಕ್ಕೆ ನೂರು ಮನೆಯವರು ಹಾಲನ್ನು ತಂದು ಒಂದೇ ಕ್ಯಾನಿಗೆ ಸುರಿಯುವರು. ಅದರಿಂದ ಅಳೆದು ಕೊಟ್ಟ ಒಂದು ಸೇರು ಹಾಲಿನಲ್ಲಿ ಯಾರ ಹಸುವಿನ ಹಾಲು ಎಷ್ಟಿದೆಯೆಂದು ಹೇಳಲಾಗದು. ವಿದ್ಯುಚ್ಛಕ್ತಿಯೂ ಹಾಗೆಯೇ. ಎಲ್ಲಾ ಉತ್ಪಾದಕರ ಶಕ್ತಿಯೂ ಒಂದೇ ತಂತಿಯ ಜಾಲದಲ್ಲಿ ಬೆರೆತು ಬರುವದು. ದೀಪ ಆರಿದರೆ ಸರಿಮಾಡುವವರು ತಂತಿಯ ಕಂಪೆನಿಯವರು. ಅವರು ಯಾವ ಮನೆಯವರು ಯಾರಿಂದ ಕೊಂಡರೆಂದು ನೋಡುವದಿಲ್ಲ. ಗಾಳಿಯಿಂದಲೂ ಸೂರ್ಯನಿಂದಲೂ ಹುಟ್ಟಿದ ಶಕ್ತಿಯನ್ನೇ ಮಾರುತ್ತೇವೆಂದು ಹೇಳುವ ಕಂಪೆನಿಗಳು ಸಹ ಬೇರೆ ತಂತಿಯನ್ನು ತರುವದಿಲ್ಲ. ಅಷ್ಟು ಶಕ್ತಿ ಉತ್ಪನ್ನವಾಯಿತೆಂಬುದಕ್ಕೆ ಪ್ರಮಾಣಪತ್ರಗಳನ್ನು ಕೊಳ್ಳುವವು, ಅಷ್ಟೇ. ಸರಕು ಒಂದೇ ಆದಮೇಲೆ ನೋಡತಕ್ಕವು ಎರಡೇ: ದರ, ಮತ್ತು ಕರಾರಿನ ಷರತ್ತುಗಳು.

ದರದ ಲೆಕ್ಕಕ್ಕೆ ಬರೋಣ. ಒಂದು ಯೂನಿಟ್ಟೆಂದರೆ ಸಾವಿರ ವಾಟಿನ ಒಂದು ಉಪಕರಣವು ಒಂದು ತಾಸು ನಡೆದರೆ ತಗಲುವ ಶಕ್ತಿ. ನಮ್ಮಲ್ಲಿಯೂ ಅಲ್ಲಿಯೂ ಅಳತೆ ಇದೇ. ಟೆಕ್ಸಾಸಿನ ಬಿಲ್ಲಿನಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು ಮಾರಾಟದ ಕಂಪೆನಿಯು ಶಕ್ತಿಗಾಗಿ ತೆಗೆದುಕೊಳ್ಳುವ ಹಣ; ಇನ್ನೊಂದು ತಂತಿಯ ಕಂಪೆನಿಗೆ ಸಲ್ಲತಕ್ಕ ಸಾಗಣೆಯ ಶುಲ್ಕ. ಈ ಎರಡನೆಯದು ಯಾರಿಂದ ಕೊಂಡರೂ ಒಂದೇ ಸಮ. ಕೆಲವರು ಶಕ್ತಿಯ ದರವನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಿ, ಸಾಗಣೆಯ ಶುಲ್ಕವನ್ನು ಮೂಲೆಯಲ್ಲಿ ಬರೆಯುವದುಂಟು.

ಇಂಥ ತೊಡಕನ್ನು ತಪ್ಪಿಸಲು ಆಯೋಗವು ಪ್ರತಿಯೊಂದು ಕರಾರಿಗೂ ಒಂದು ವಿವರಪತ್ರವಿರಬೇಕೆಂದು ವಿಧಿಸಿದೆ. ಅದಕ್ಕೆ ಇಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್ ಎಂದು ಹೆಸರು. ತಿಂಗಳಿಗೆ ೫೦೦, ೧೦೦೦, ೨೦೦೦ ಯೂನಿಟ್ಟುಗಳನ್ನು ಖರ್ಚುಮಾಡಿದರೆ ಎಲ್ಲವೂ ಸೇರಿ ಯೂನಿಟ್ಟಿಗೆ ಸರಾಸರಿ ಎಷ್ಟು ಬೀಳುವದೆಂಬ ಮೂರು ಅಂಕೆಗಳು ಅದರ ಮೇಲ್ಭಾಗದಲ್ಲಿ ಇರಲೇಬೇಕು. ಏರ್ಪಾಟು ಒಳ್ಳೆಯದೇ. ಆದರೆ ಎಲ್ಲಿ ಅಳತೆಗೋಲನ್ನು ಇಡುವರೆಂದು ಮೊದಲೇ ಗೊತ್ತಾದರೆ, ಆ ಸ್ಥಳದಲ್ಲಿ ಮಾತ್ರ ಚೆನ್ನಾಗಿ ಕಾಣುವಂತೆ ಸರಕನ್ನು ಜೋಡಿಸುವ ಚಾತುರ್ಯವು ವ್ಯಾಪಾರಿಗಳಲ್ಲಿ ಎಲ್ಲಾ ದೇಶದಲ್ಲಿಯೂ ಉಂಟಷ್ಟೆ.

ಉದಾಹರಣೆಗಾಗಿ ನಾವೇ ಎರಡು ಕರಾರುಗಳನ್ನು ಕಲ್ಪಿಸಿಕೊಳ್ಳೋಣ. ಎರಡರಲ್ಲಿಯೂ ಸಾಗಣೆಯ ಶುಲ್ಕವು ಯೂನಿಟ್ಟಿಗೆ ೫ ಸೆಂಟು, ಮತ್ತು ತಿಂಗಳಿಗೆ ೪ ಡಾಲರು. (ಒಂದು ಡಾಲರಿಗೆ ೧೦೦ ಸೆಂಟು.) ಮೊದಲನೆಯ ಕರಾರಿನಲ್ಲಿ ಶಕ್ತಿಯ ದರ ಯೂನಿಟ್ಟಿಗೆ ೧೫ ಸೆಂಟು; ಆದರೆ ತಿಂಗಳಲ್ಲಿ ೧೦೦೦ ಯೂನಿಟ್ಟು ಅಥವಾ ಅದಕ್ಕಿಂತ ಹೆಚ್ಚು ಖರ್ಚಾದರೆ ಆ ತಿಂಗಳ ಬಿಲ್ಲಿನಲ್ಲಿ ೧೦೦ ಡಾಲರು ರಿಯಾಯಿತಿ. ಎರಡನೆಯ ಕರಾರಿನಲ್ಲಿ ಶಕ್ತಿಯ ದರ ೯ ಸೆಂಟು. ರಿಯಾಯಿತಿ ಏನೂ ಇಲ್ಲ.

ಸರಿಯಾಗಿ ೧೦೦೦ ಯೂನಿಟ್ಟು ಖರ್ಚಾದ ತಿಂಗಳನ್ನು ನೋಡಿರಿ. ಮೊದಲನೆಯದರಲ್ಲಿ ಶಕ್ತಿಗೆ ೧೫೦, ಸಾಗಣೆಗೆ ೫೪, ಒಟ್ಟು ೨೦೪ ಡಾಲರು. ರಿಯಾಯಿತಿಯನ್ನು ಕಳೆದರೆ ೧೦೪. ಎಂದರೆ ಯೂನಿಟ್ಟಿಗೆ ೧೦.೪ ಸೆಂಟು. ಎರಡನೆಯದರಲ್ಲಿ ಶಕ್ತಿಗೆ ೯೦, ಸಾಗಣೆಗೆ ೫೪, ಒಟ್ಟು ೧೪೪. ಎಂದರೆ ಯೂನಿಟ್ಟಿಗೆ ೧೪.೪ ಸೆಂಟು. ಸಾವಿರ ಯೂನಿಟ್ಟಿನ ದರವನ್ನು ಹಿಡಿದು ಜೋಡಿಸಿದ ಪಟ್ಟಿಯಲ್ಲಿ ಮೊದಲನೆಯದು ಮೇಲೆ ನಿಲ್ಲುವದು, ಎರಡನೆಯದು ಎಲ್ಲಿಯೋ ಕೆಳಗೆ ಬೀಳುವದು.

ಈಗ ಒಂದೇ ಒಂದು ಯೂನಿಟ್ಟನ್ನು ಕಡಿಮೆ ಮಾಡಿರಿ. ೯೯೯ ಯೂನಿಟ್ಟು ಖರ್ಚಾದ ತಿಂಗಳಲ್ಲಿ ಮೊದಲನೆಯ ಕರಾರಿನವರಿಗೆ ರಿಯಾಯಿತಿ ಸಿಕ್ಕದು. ಬಿಲ್ಲು ೨೦೩ ಡಾಲರು ೮೦ ಸೆಂಟು. ಒಂದು ಯೂನಿಟ್ಟನ್ನು ಉಳಿಸಿದ ಗೃಹಿಣಿಗೆ ಸುಮಾರು ನೂರು ಡಾಲರು ದಂಡ! ಇನ್ನೂ ಕೆಳಗಿಳಿದು, ಅರ್ಧಕ್ಕೆ ಅರ್ಧ ಉಳಿಸಿ, ೫೦೦ ಯೂನಿಟ್ಟು ಮಾತ್ರ ಖರ್ಚುಮಾಡಿದರೆ ಶಕ್ತಿಗೆ ೭೫, ಸಾಗಣೆಗೆ ೨೯, ಒಟ್ಟು ೧೦೪ ಡಾಲರು. ಸಾವಿರಕ್ಕೂ ೧೦೪, ಐನೂರಕ್ಕೂ ೧೦೪. ಮಿತವ್ಯಯವನ್ನು ಕಲಿತು ಬಂದ ನಮ್ಮ ಹುಡುಗಿಯರು, ದೀಪ ಆರಿಸಿ ಬಟ್ಟೆಯನ್ನು ಬಿಸಿಲಿಗೆ ಹರವಿ ಉಳಿತಾಯ ಮಾಡಿದೆವೆಂದು ಎಣಿಸುವ ತಿಂಗಳಲ್ಲೇ ಹೆಚ್ಚು ಕೊಡುವಂತಾಗುವ ಕರಾರು ಇದು. ಇದನ್ನು ಮೋಸವೆಂದು ಕರೆಯಲಾಗದು, ಎಲ್ಲವೂ ವಿವರಪತ್ರದಲ್ಲಿ ಬರೆದೇ ಇದೆ. ಆದರೆ ಪತ್ರವನ್ನು ಕಡೆಯ ವರೆಗೆ ಓದುವವರು ವಿರಳವೆಂಬ ನಂಬಿಕೆಯ ಮೇಲೆ ಇಂಥ ಕರಾರು ನಿಂತಿದೆಯೆಂದು ಹೇಳುವದರಲ್ಲಿ ತಪ್ಪಿಲ್ಲ.

ಒಂದು ತಿಂಗಳಿಂದ ತೀರ್ಮಾನಿಸುವದು ನ್ಯಾಯವಲ್ಲವಾದ ಕಾರಣ ಇಡೀ ವರ್ಷವನ್ನು ತೆಗೆದುಕೊಳ್ಳೋಣ. ಟೆಕ್ಸಾಸಿನ ಬೇಸಿಗೆ ನಮ್ಮ ರಾಯಚೂರಿನ ಬೇಸಿಗೆಯಂತೆ ಕಠಿಣವಾದದ್ದು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಏರ್ ಕಂಡೀಷನರು ಹಗಲಿರುಳು ನಡೆಯುವದು. ಒಂದು ಮನೆಯ ಖರ್ಚು ಹೀಗಿರಲಿ: ಜನವರಿ ೯೦೦ ಯೂನಿಟ್ಟು, ಫೆಬ್ರುವರಿ ೮೦೦, ಮಾರ್ಚಿ ೬೦೦, ಎಪ್ರಿಲ್ ೭೦೦, ಮೇ ೧೦೦೦, ಜೂನ್ ೧೫೦೦, ಜುಲೈ ೧೯೦೦, ಆಗಸ್ಟ್ ೨೦೦೦, ಸೆಪ್ಟೆಂಬರ್ ೧೫೦೦, ಅಕ್ಟೋಬರ್ ೯೦೦, ನವೆಂಬರ್ ೬೦೦, ದಶಂಬರ್ ೮೦೦. ಒಟ್ಟು ೧೩,೨೦೦ ಯೂನಿಟ್ಟು. ತಿಂಗಳಿಗೆ ಸರಾಸರಿ ೧೧೦೦ ಆಗುವದರಿಂದ, "ನಾವು ಸಾವಿರದ ಮೇಲಿನವರು, ರಿಯಾಯಿತಿ ನಮಗೇ" ಎಂದು ಮನೆಯ ಯಜಮಾನರು ಹೇಳಬಹುದು. ಲೆಕ್ಕವು ಬೇರೆ ಹೇಳುವದು. ರಿಯಾಯಿತಿ ಸಿಕ್ಕುವ ತಿಂಗಳುಗಳು ಮೇಯಿಂದ ಸೆಪ್ಟೆಂಬರಿನ ವರೆಗೆ ಐದೇ. ಮೊದಲನೆಯ ಕರಾರಿನಲ್ಲಿ ೧೩,೨೦೦ ಯೂನಿಟ್ಟಿಗೆ ಶಕ್ತಿಯೂ ಸಾಗಣೆಯೂ ಸೇರಿ ೨೦ ಸೆಂಟಿನಂತೆ ೨,೬೪೦ ಡಾಲರು, ತಿಂಗಳ ಶುಲ್ಕ ೪೮, ಒಟ್ಟು ೨,೬೮೮. ಐದು ರಿಯಾಯಿತಿ ಕಳೆದರೆ ೨,೧೮೮. ಎರಡನೆಯದರಲ್ಲಿ ೧೪ ಸೆಂಟಿನಂತೆ ೧,೮೪೮, ತಿಂಗಳ ಶುಲ್ಕ ೪೮, ಒಟ್ಟು ೧,೮೯೬. ಅಗ್ಗವೆಂದು ಪಟ್ಟಿಯ ಮೇಲಿದ್ದ ಕರಾರಿನಿಂದ ಈ ಮನೆಗೆ ವರುಷಕ್ಕೆ ೨೯೨ ಡಾಲರು ನಷ್ಟ.

ಸರಾಸರಿಯನ್ನು ನಂಬದೆ ಹನ್ನೆರಡು ತಿಂಗಳುಗಳನ್ನೂ ಬೇರೆಬೇರೆಯಾಗಿ ಬರೆದು ಗುಣಿಸಬೇಕೆಂಬುದೇ ಈ ಪಾಠದ ತಿರುಳು. ಹಿಂದಿನ ಬಿಲ್ಲುಗಳಿರುವವರಿಗೆ ಅದು ಅರ್ಧ ಗಂಟೆಯ ಕೆಲಸ. ಹೊಸದಾಗಿ ಬಂದವರು ಅದೇ ಮನೆಯ ಮಾಲೀಕರನ್ನಾಗಲಿ, ಅಂಥದೇ ಮನೆಯಲ್ಲಿರುವ ನೆರೆಯವರನ್ನಾಗಲಿ ವಿಚಾರಿಸಿ ಅಂದಾಜು ಮಾಡಿಕೊಳ್ಳಬೇಕು. ಮನೆಯನ್ನು ಬಿಸಿಮಾಡುವ ಯಂತ್ರವು ಅನಿಲದಿಂದ ನಡೆಯುವದೋ ವಿದ್ಯುಚ್ಛಕ್ತಿಯಿಂದಲೋ ಎಂಬುದನ್ನು ಕೇಳಲು ಮರೆಯಬಾರದು. ವಿದ್ಯುಚ್ಛಕ್ತಿಯಿಂದಾದರೆ ಚಳಿಗಾಲದ ಅಂಕೆಗಳು ಬಹಳ ಮೇಲಕ್ಕೇರುವವು.

"ರಾತ್ರಿಯ ಶಕ್ತಿಗೆ ಹಣವಿಲ್ಲ" ಎಂಬ ಕರಾರುಗಳೂ ಉಂಟು. ಉಚಿತವೆಂಬ ಮಾತಿಗೆ ಮನಸ್ಸು ಬೇಗ ಸೋಲುವದು. ಆದರೆ ರಾತ್ರಿ ಬಿಟ್ಟದ್ದನ್ನು ಹಗಲು ಕೂಡಿಸಿಕೊಳ್ಳದಿದ್ದರೆ ಕಂಪೆನಿ ನಡೆಯುವದು ಹೇಗೆ? ಹಗಲಿನ ಶಕ್ತಿಗೆ ೧೯ ಸೆಂಟು, ರಾತ್ರಿಗೆ ಏನೂ ಇಲ್ಲ, ಸಾಗಣೆ ಮೊದಲಿನಂತೆ ಎಂದು ಇಟ್ಟುಕೊಳ್ಳಿರಿ. ತಿಂಗಳಿಗೆ ೧೧೦೦ ಯೂನಿಟ್ಟಿನ ಮನೆಗೆ ನಮ್ಮ ಎರಡನೆಯ ಕರಾರಿನಲ್ಲಿ ೧೫೮ ಡಾಲರು ಬೀಳುವದು. ಈ ಹೊಸ ಕರಾರಿನಲ್ಲಿ ಸಾಗಣೆಗೇ ೫೯ ಹೋಗುವದರಿಂದ, ಲಾಭವಾಗಬೇಕಾದರೆ ಹಗಲಿನ ಶಕ್ತಿಗೆ ೯೯ ಡಾಲರಿಗಿಂತ ಕಡಿಮೆ ಆಗಬೇಕು. ಎಂದರೆ ಹಗಲಿನ ಖರ್ಚು ೫೨೧ ಯೂನಿಟ್ಟನ್ನು ದಾಟಕೂಡದು. ಅರ್ಧಕ್ಕಿಂತ ಹೆಚ್ಚು ಖರ್ಚು ರಾತ್ರಿಯಲ್ಲೇ ನಡೆಯಬೇಕು. ರಾತ್ರಿ ವಿದ್ಯುತ್ ವಾಹನಕ್ಕೆ ಶಕ್ತಿ ತುಂಬುವ ಮನೆಗೆ ಇದು ಸಾಧ್ಯ. ಹಗಲೆಲ್ಲಾ ಮಗುವೋ ವೃದ್ಧರೋ ಮನೆಯಲ್ಲಿದ್ದು, ಮಧ್ಯಾಹ್ನದ ಬಿಸಿಲಿನಲ್ಲಿ ಕೋಣೆಯನ್ನು ತಂಪಾಗಿಡಬೇಕಾದ ಸಂಸಾರಕ್ಕೆ ಸಾಧ್ಯವಿಲ್ಲ.

ಇನ್ನು ದರದ ಜಾತಿಗಳು. ಕರಾರಿನ ಅವಧಿ ತೀರುವ ತನಕ ಬದಲಾಗದಿರುವದು ಸ್ಥಿರದರ. ತಂತಿಯ ಶುಲ್ಕವು ಬದಲಾದರೆ ಮಾತ್ರ ಸ್ಥಿರದರದವರಿಗೂ ಆ ಮಟ್ಟಿಗೆ ವ್ಯತ್ಯಾಸವಾಗಬಹುದು. ತಿಂಗಳು ತಿಂಗಳಿಗೆ ಕಂಪೆನಿಯ ಇಷ್ಟದಂತೆ ಏರಿಳಿಯುವದು ಚರದರ. ಮೂರನೆಯದೊಂದು ಇತ್ತು: ಉತ್ಪಾದಕರಿಂದ ಕೊಳ್ಳುವ ಸಗಟು ಪೇಟೆಯ ದರವನ್ನೇ ನೇರವಾಗಿ ಮನೆಗೆ ಹೊರಿಸುವದು. ಅದರ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು.

ಗ್ರಿಡ್ಡಿ ಎಂಬ ಕಂಪೆನಿಯು ತಿಂಗಳಿಗೆ ೯ ಡಾಲರು ೯೯ ಸೆಂಟು ಸದಸ್ಯತ್ವದ ಹಣವನ್ನು ತೆಗೆದುಕೊಂಡು, ಸಗಟು ದರದಲ್ಲಿಯೇ ಶಕ್ತಿಯನ್ನು ಒದಗಿಸುತ್ತಿತ್ತು. ಸಾಮಾನ್ಯ ದಿವಸಗಳಲ್ಲಿ ಆ ದರವು ಯೂನಿಟ್ಟಿಗೆ ಕೆಲವೇ ಸೆಂಟುಗಳಾದದರಿಂದ ಜನರಿಗೆ ಉಳಿತಾಯವಾಗುತ್ತಿತ್ತು. ಸುಮಾರು ೨೯,೦೦೦ ಮಂದಿ ಅದರ ಗಿರಾಕಿಗಳಾಗಿದ್ದರು. ೨೦೨೧ರ ಫೆಬ್ರುವರಿಯಲ್ಲಿ ಟೆಕ್ಸಾಸಿಗೆ ಅಪೂರ್ವವಾದ ಹಿಮದ ಚಳಿ ಬಂತು. ಅನಿಲದ ಬಾವಿಗಳೂ ಕೊಳವೆಗಳೂ ಹೆಪ್ಪುಗಟ್ಟಿದವು. ಅನಿಲ, ಕಲ್ಲಿದ್ದಲು, ಗಾಳಿ, ಅಣುಶಕ್ತಿ, ಎಲ್ಲಾ ಬಗೆಯ ಉತ್ಪಾದನೆಯೂ ಕುಗ್ಗಿತು. ಟೆಕ್ಸಾಸಿನ ತಂತಿಯ ಜಾಲವು ನೆರೆಯ ಸಂಸ್ಥಾನಗಳೊಡನೆ ಅತ್ಯಲ್ಪವಾಗಿ ಮಾತ್ರ ಸೇರಿಕೊಂಡಿರುವದರಿಂದ ಹೊರಗಿನ ಸಹಾಯವೂ ಹೆಚ್ಚಾಗಿ ಬರಲಾರದೆ ಹೋಯಿತು. ಫೆಬ್ರುವರಿ ೧೫ರ ನಸುಕಿನಲ್ಲಿ ಇಡೀ ಜಾಲವು ಕುಸಿದುಬೀಳುವದಕ್ಕೆ ಐದು ನಿಮಿಷಕ್ಕಿಂತಲೂ ಕಡಿಮೆ ಸಮಯ ಉಳಿದಿತ್ತೆಂದು ಎರ್ಕಾಟಿನವರೇ ಆಮೇಲೆ ತಿಳಿಸಿದರು. ೪೫ ಲಕ್ಷ ಮನೆಗಳಿಗೂ ಅಂಗಡಿಗಳಿಗೂ ದೀಪವಿಲ್ಲದಾಯಿತು. ಸಂಸ್ಥಾನದ ಆರೋಗ್ಯ ಇಲಾಖೆಯು ಎಣಿಸಿದ ಪ್ರಕಾರ ೨೪೬ ಮಂದಿ ಸತ್ತರು. ಅವರಲ್ಲಿ ಬಹಳ ಮಂದಿ ಚಳಿಯಿಂದಲೇ ಸತ್ತರು. ಬಿಸಿ ಬೇಕೆಂದು ಮುಚ್ಚಿದ ಮನೆಯೊಳಗೆ ಇದ್ದಿಲನ್ನು ಉರಿಸಿಯೋ, ಕೊಟ್ಟಿಗೆಯೊಳಗೆ ಮೋಟಾರನ್ನು ನಡೆಸಿಯೋ ವಿಷವಾಯುವಿನಿಂದ ಸತ್ತವರೂ ಉಂಟು.

ಆ ವಾರದಲ್ಲಿ ಸಗಟು ದರವು ಕಾನೂನಿನ ಮೇಲ್ಮಿತಿಗೇರಿ, ಆಯೋಗದ ಅಪ್ಪಣೆಯಂತೆ ಸುಮಾರು ನಾಲ್ಕು ದಿವಸ ಅಲ್ಲಿಯೇ ನಿಂತಿತು. ಮಿತಿಯು ಯೂನಿಟ್ಟಿಗೆ ೯ ಡಾಲರು. ಸೆಂಟಲ್ಲ, ಡಾಲರು. ಮೇಲಿನ ಉದಾಹರಣೆಯ ಮನೆಯು ಚಳಿಗೆ ದಿನಕ್ಕೆ ೬೦ ಯೂನಿಟ್ಟು ಖರ್ಚುಮಾಡಿತೆಂದರೆ ಒಂದು ದಿನಕ್ಕೆ ೫೪೦ ಡಾಲರು. ನಾಲ್ಕು ದಿನಕ್ಕೆ ೨,೧೬೦. ಎರಡನೆಯ ಕರಾರಿನಲ್ಲಿ ವರುಷವೆಲ್ಲಾ ಕೊಡಬೇಕಾದ ಹಣಕ್ಕಿಂತ ಹೆಚ್ಚು! ಗ್ರಿಡ್ಡಿಯು ತನ್ನ ಗಿರಾಕಿಗಳಿಗೆ ತಾನೇ ಬರೆದು, ಬೇರೆ ಕಂಪೆನಿಗೆ ಬೇಗನೆ ಹೋಗಿರೆಂದು ಹೇಳಿತು. ಆದರೆ ಅಂಥ ವಾರದಲ್ಲಿ ಹೊಸ ಗಿರಾಕಿಗಳನ್ನು ತೆಗೆದುಕೊಳ್ಳುವವರು ಯಾರು? ಸಾವಿರಾರು ಡಾಲರುಗಳ ಬಿಲ್ಲುಗಳು ಬಂದವು. ಆ ತಿಂಗಳ ಕೊನೆಯಲ್ಲಿ ಎರ್ಕಾಟು ಗ್ರಿಡ್ಡಿಯನ್ನು ಪೇಟೆಯಿಂದ ಹೊರಗೆ ಹಾಕಿತು. ಮಾರ್ಚಿಯಲ್ಲಿ ಅದು ದಿವಾಳಿಯ ಅರ್ಜಿ ಹಾಕಿತು. ಅದೇ ವರುಷ ಶಾಸನಸಭೆಯು ಮನೆಗಳಿಗೆ ಸಗಟು ದರದ ಕರಾರನ್ನು ಮಾರಕೂಡದೆಂದು ಕಾನೂನು ಮಾಡಿತು. ಮೇಲ್ಮಿತಿಯನ್ನು ೨೦೨೨ರಿಂದ ೫ ಡಾಲರಿಗೆ ಇಳಿಸಿದರು.

ಸ್ಥಿರದರದ ಕರಾರಿದ್ದವರಿಗೆ ಆ ವಾರದ ಬಿಲ್ಲು ಖರ್ಚಾದ ಯೂನಿಟ್ಟುಗಳಿಗೆ ಎಂದಿನ ದರದಲ್ಲಿಯೇ ಬಂತು. ಸ್ಥಿರದರವು ಒಂದೆರಡು ಸೆಂಟು ಹೆಚ್ಚಾಗಿ ಕಂಡರೂ, ಆ ಹೆಚ್ಚಳವು ಇಂಥ ದಿವಸದ ವಿಮೆಯ ಕಂತೆಂದು ಎಣಿಸಬೇಕು. ತಿಂಗಳ ಸಂಬಳದಿಂದ ಸಂಸಾರ ನಡೆಸುವವರಿಗೆ ಸ್ಥಿರದರವೇ ತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಷರತ್ತುಗಳ ವಿಷಯ ಹೆಚ್ಚು ಬರೆಯಬೇಕಾದದ್ದಿಲ್ಲ. ಆದರೆ ಒಂದೊಂದರಲ್ಲಿಯೂ ಹಣವಿದೆ. ಅವಧಿಗೆ ಮುಂಚೆ ಕರಾರನ್ನು ಮುರಿದರೆ ದಂಡ ಕೊಡಬೇಕಾಗುವದು. ಮನೆಯನ್ನೇ ಬಿಟ್ಟು ಬೇರೆ ವಿಳಾಸಕ್ಕೆ ಹೋಗುವವರು ಅದಕ್ಕೆ ಸಾಕ್ಷಿ ತೋರಿಸಿದರೆ ದಂಡವಿಲ್ಲ. ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಬದಲಿಸಿದವರು ಮೂರು ಕೆಲಸದ ದಿನಗಳೊಳಗೆ ಮನಸ್ಸು ತಿರುಗಿಸಿ ಹೊಸ ಕರಾರನ್ನು ರದ್ದು ಮಾಡಬಹುದು. ಹೊಸ ಮನೆಗೆ ಬಂದು ದೀಪ ಹಾಕಿಸಿಕೊಂಡವರಿಗೆ ಈ ಸೌಕರ್ಯ ಅನ್ವಯಿಸುವದಿಲ್ಲ. ಅವಧಿ ತೀರುವದಕ್ಕೆ ೧೪ ದಿವಸವಿರುವಾಗಿನಿಂದ ದಂಡವಿಲ್ಲದೆ ಬೇರೆಡೆಗೆ ಹೋಗಬಹುದು. ತೀರಿದಮೇಲೆ ಸುಮ್ಮನಿದ್ದರೆ ದೀಪವೇನೂ ಆರದು. ಆದರೆ ಕರಾರು ತಿಂಗಳ ಚರದರಕ್ಕೆ ಜಾರುವದು, ಅದು ಸಾಮಾನ್ಯವಾಗಿ ತುಟ್ಟಿ. ಮದುವೆಯ ದಿನವನ್ನೂ ಮಕ್ಕಳ ಹುಟ್ಟುಹಬ್ಬವನ್ನೂ ಗುರುತುಹಾಕುವ ಪಂಚಾಂಗದಲ್ಲಿ ಈ ತಾರೀಖನ್ನೂ ಗುರುತುಹಾಕಿಡುವದು ಲೇಸು. ಮಾರುವ ಕಂಪೆನಿಯೇ ಮುಳುಗಿಹೋದರೆ ಹೆದರಬೇಕಾಗಿಲ್ಲ. ಕಡೆಯ ಆಸರೆಯೆಂದು ಗೊತ್ತುಮಾಡಿದ ಕಂಪೆನಿಗೆ ಆ ಮನೆಗಳನ್ನು ವಹಿಸುವರು. ಅದರ ದರ ಹೆಚ್ಚಾದದರಿಂದ ಬೇಗನೆ ಬೇರೊಂದನ್ನು ಆರಿಸಿಕೊಳ್ಳಬೇಕು.

ಹೊಸದಾಗಿ ಬಂದವರಿಗೆ ಆ ದೇಶದಲ್ಲಿ ಸಾಲದ ಚರಿತ್ರೆಯಿಲ್ಲದ ಕಾರಣ ಕಂಪೆನಿಗಳು ಠೇವಣಿ ಕೇಳುವದುಂಟು. ಅರುವತ್ತೈದು ವರುಷ ತುಂಬಿದವರು ಹಿಂದೆ ಬಾಕಿ ಉಳಿಸದಿದ್ದರೆ ಠೇವಣಿ ಕೊಡಬೇಕಾಗಿಲ್ಲ. ಮನೆಯವರ ಹಿಂಸೆಯಿಂದ ತಪ್ಪಿಸಿಕೊಂಡು ಬೇರೆ ಮನೆ ಮಾಡುವ ಸ್ತ್ರೀಯು ಅದಕ್ಕೆ ತಕ್ಕ ಪ್ರಮಾಣಪತ್ರವನ್ನು ಒದಗಿಸಿದರೆ ಅವಳಿಗೂ ಠೇವಣಿ ಬೇಡವೆಂದು ಅಲ್ಲಿಯ ನಿಯಮವಿದೆ. ಪರದೇಶದಲ್ಲಿ ಕೈಯಲ್ಲಿ ಕಾಸಿಲ್ಲದೆ ಹೊರಬೀಳುವ ಹೆಣ್ಣುಮಗಳಿಗೆ ಈ ಒಂದು ಸಾಲಿನ ನಿಯಮವು ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ತಿಳಿದವರು ತಿಳಿಯದವರಿಗೆ ತಿಳಿಸಬೇಕು. ಉಸಿರಾಟದ ಯಂತ್ರ ಮೊದಲಾದವುಗಳಿಂದ ಜೀವಿಸುವ ರೋಗಿಯು ಮನೆಯಲ್ಲಿದ್ದರೆ ವೈದ್ಯರ ಸಹಿಯೊಡನೆ ತಂತಿಯ ಕಂಪೆನಿಗೆ ಅರ್ಜಿ ಕೊಡಬಹುದು. ಹಣ ತಡವಾದರೂ ಸಂಪರ್ಕವನ್ನು ಕಡಿಯುವ ಮುಂಚೆ ಅಂಥ ಮನೆಗೆ ವಿಶೇಷ ಸೂಚನೆ ಕೊಡಬೇಕು. ಇದರಿಂದ ಬಿರುಗಾಳಿಯಲ್ಲಿ ದೀಪ ಆರದೆಂಬ ಭರವಸೆಯಿಲ್ಲ. ಬೇರೆ ಏರ್ಪಾಟನ್ನು ಮನೆಯವರೇ ಮಾಡಿಕೊಳ್ಳಬೇಕು.

ಕರಾರುಗಳನ್ನು ಹೋಲಿಸಿ ನೋಡಲು ಆಯೋಗದವರೇ ನಡೆಸುವ ಪವರ್ ಟು ಚೂಸ್ ಎಂಬ ಜಾಲತಾಣವುಂಟು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಖಾಸಗಿಯಾದ ಇಂಥ ತಾಣಗಳಲ್ಲಿ ಅನೇಕವು ಕಂಪೆನಿಗಳಿಂದ ದಲ್ಲಾಳಿಯ ಹಣವನ್ನು ಪಡೆಯುವವು. ಬಾಗಲಿಗೆ ಬಂದು ಮಾತಾಡುವ ಮಾರಾಟಗಾರನಿಗೆ ಹಳೆಯ ಬಿಲ್ಲನ್ನು ತೋರಿಸಬಾರದು. ಅದರಲ್ಲಿ ಮನೆಯ ಮೀಟರಿನ ಗುರುತಿನ ಸಂಖ್ಯೆಯಿರುವದು. ವಿವರಪತ್ರವನ್ನು ಬಿಟ್ಟುಹೋಗೆಂದು ಹೇಳಿದರೆ ಸಾಕು.

ಈ ಪೈಪೋಟಿಯಿಂದ ಟೆಕ್ಸಾಸಿನ ಮನೆಗಳಿಗೆ ಒಟ್ಟಿನ ಮೇಲೆ ಲಾಭವಾಯಿತೋ ಎಂಬ ಪ್ರಶ್ನೆಗೆ ಒಮ್ಮತದ ಉತ್ತರವಿಲ್ಲ. ೨೦೦೪ರಿಂದೀಚೆಗೆ ಪೈಪೋಟಿಯ ಗಿರಾಕಿಗಳು ಹಳೆಯ ಪದ್ಧತಿಯ ಗಿರಾಕಿಗಳ ದರಕ್ಕಿಂತ ಒಟ್ಟು ೨,೮೦೦ ಕೋಟಿ ಡಾಲರು ಹೆಚ್ಚಾಗಿ ಕೊಟ್ಟರೆಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ೨೦೨೧ರಲ್ಲಿ ಲೆಕ್ಕಹಾಕಿತು. ಜಾಗರೂಕತೆಯಿಂದ ಆರಿಸಿದವರಿಗೆ ಅಗ್ಗವೇ ಆಯಿತೆಂದು ಪೈಪೋಟಿಯ ಪಕ್ಷದವರು ಹೇಳುತ್ತಾರೆ. ಎರಡೂ ನಿಜವಾಗಿರಬಹುದು. ಓದಿ ಲೆಕ್ಕಮಾಡುವವರು ಉಳಿಸುವದನ್ನು, ಓದಲು ಪುರಸೊತ್ತಿಲ್ಲದವರೂ ಭಾಷೆ ಬಾರದವರೂ ತುಂಬಿಕೊಡುವ ಏರ್ಪಾಟು ಇದಾಗಿದೆಯೋ ಎಂಬ ಶಂಕೆ ಮಾತ್ರ ನಮಗೆ ಹೋಗಲಿಲ್ಲ.

ನಮ್ಮ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲವೆನ್ನುವಂತಿಲ್ಲ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯು ದೊಡ್ಡ ಕಾರಖಾನೆಗಳಿಗೆ ಬೇರೆಯವರಿಂದ ಶಕ್ತಿಯನ್ನು ಕೊಳ್ಳುವ ದಾರಿಯನ್ನು ತೆರೆಯಿತು. ಒಂದೇ ಸೀಮೆಯಲ್ಲಿ ಹಲವು ಕಂಪೆನಿಗಳು ಅದೇ ತಂತಿಗಳ ಮೇಲೆ ಮಾರಾಟ ಮಾಡುವಂತೆ ೨೦೨೨ರ ಆಗಸ್ಟಿನಲ್ಲಿ ಲೋಕಸಭೆಯ ಮುಂದೆ ಒಂದು ಮಸೂದೆ ಬಂತು, ಅದು ಕಾನೂನಾಗಲಿಲ್ಲ. ಕನ್ನಡಿಗರು ಬಹುಕಾಲದಿಂದ ನೆಲಸಿರುವ ಮುಂಬಯಿಯ ಉಪನಗರಗಳಲ್ಲಿ ಮಾತ್ರ ಮನೆಯವರಿಗೂ ಆಯ್ಕೆಯುಂಟು. ೨೦೦೮ರ ಸುಪ್ರೀಂ ಕೋರ್ಟಿನ ತೀರ್ಪು, ಮರುವರ್ಷದ ಮಹಾರಾಷ್ಟ್ರ ಆಯೋಗದ ಆಜ್ಞೆ, ಇವುಗಳ ಮೇಲೆ ಅಲ್ಲಿಯ ಗಿರಾಕಿಗಳು ರಿಲಾಯನ್ಸ್ ಕಂಪೆನಿಯ ತಂತಿಯನ್ನು ಬಿಡದೆಯೇ ಟಾಟಾ ಕಂಪೆನಿಯ ಶಕ್ತಿಯನ್ನು ಕೊಳ್ಳಲು ಆರಂಭಿಸಿದರು. ಆ ತಂತಿಗಳು ೨೦೧೮ರಲ್ಲಿ ಅದಾನಿ ಕಂಪೆನಿಯ ವಶಕ್ಕೆ ಬಂದವು. ಅಲ್ಲಿ ಇಬ್ಬರ ದರವನ್ನೂ ಆಯೋಗವೇ ನಿಯಮಿಸುವದರಿಂದ ಟೆಕ್ಸಾಸಿನಂಥ ಬಲೆಗಳಿಲ್ಲ. ಆದರೂ ಒಬ್ಬರಿಂದ ಇನ್ನೊಬ್ಬರಿಗೆ ಬದಲಿಸಿದ ಮನೆಯವರು ಶಕ್ತಿಯ ಹಣವನ್ನು ಮಾರಿದವರಿಗೂ, ಸಾಗಣೆಯ ಶುಲ್ಕವನ್ನು ತಂತಿ ಯಾರದೋ ಅವರ ದರದಂತೆಯೂ ಕೊಡಬೇಕಾದದರಿಂದ, ಅಂಧೇರಿಯ ಗೃಹಿಣಿಯೂ ಡಾಲಸಿನ ಗೃಹಿಣಿಯಂತೆ ತನ್ನ ಬಿಲ್ಲನ್ನು ಎರಡು ಭಾಗವಾಗಿಯೇ ಓದಬೇಕು.